ಮನೆಯೊಳಗಿನ ತಟಸ್ಥ ರಾಷ್ಟ್ರ

ಏಪ್ರಿಲ್ ೯, ಮಂಗಳವಾರ

ಇವತ್ತು ಯುಗಾದಿ. ನಮ್ಮ ಮನೆಗೆ ಈ ವರ್ಷ ಹಬ್ಬವಿಲ್ಲ. ಹೆಂಡತಿ ಸೂಗಮ್ಮ ಕಾರ್ತಿಕದಲ್ಲಿ ಹೋದಳು, ಇನ್ನೂ ವರ್ಷ ತುಂಬಿಲ್ಲ. ತುಂಬುವ ತನಕ ಬಾಗಿಲಿಗೆ ತೋರಣ ಕಟ್ಟುವ ಹಾಗಿಲ್ಲ, ಒಲೆಯ ಮೇಲೆ ಎಣ್ಣೆಯ ಬಾಣಲೆ ಇಡುವ ಹಾಗಿಲ್ಲ. ಕೆಳಗಿನ ಮನೆಯ ಸುಂದರಾಬಾಯಿಯವರು ಡಬ್ಬಿಯಲ್ಲಿ ಹೋಳಿಗೆ ತಂದುಕೊಟ್ಟರು. "ಹಬ್ಬ ಇಲ್ಲದವರ ಮನಿಗೆ ಹಬ್ಬ ಇದ್ದವರು ಕೊಡಬೇಕ್ರಿ, ಅದಕ್ಕೇನು ಅಡ್ಡಿ ಇಲ್ಲ" ಎಂದರು. ನನಗೆ ಸಕ್ಕರೆ ಕಾಯಿಲೆ. ಆದರೂ ಒಂದು ತಿಂದೆ. ರುಚಿ ಹೇಗಿತ್ತು ಎಂದು ಬರೆಯಲು ಕೂತರೆ ನೆನಪಾಗುತ್ತಿಲ್ಲ.

ಬ್ಯಾಂಕಿನವರು ಕೊಟ್ಟ ಈ ಡೈರಿ ಜನವರಿಯಿಂದ ಖಾಲಿ ಬಿದ್ದಿತ್ತು. ಇಂಗ್ಲಿಷಿನಲ್ಲಿ ಬರೆಯೋಣ ಎಂದುಕೊಂಡೆ. ‘ಟುಡೇ ಈಸ್ ಯುಗಾದಿ’ ಎಂದ ಮೇಲೆ ಮುಂದಿನ ವಾಕ್ಯ ಬರಲಿಲ್ಲ. ಬಿ.ಎ. ಓದಿದ್ದು ರಾಯಚೂರಿನಲ್ಲಿ, ಪೊಲಿಟಿಕಲ್ ಸೈನ್ಸು. ಆಮೇಲೆ ನಿವೃತ್ತಿಯ ತನಕ ಇಲ್ಲಿ ಹೈದರಾಬಾದಿನ ಬಾಲಾನಗರದ ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದೆ. ಅಲ್ಲಿ ಇಂಗ್ಲಿಷೆಂದರೆ ರಿಸೀವ್ಡ್, ಇಶ್ಯೂಡ್, ನಿಲ್ ಸ್ಟಾಕ್. ಉಳಿದಿರುವುದೂ ಅಷ್ಟೇ.

ಮಗ ಚೇತನಕುಮಾರ ಮತ್ತು ಸೊಸೆ ರಶ್ಮಿ ಮಾತು ಬಿಟ್ಟಿದ್ದಾರೆ. ನಾರಾಯಣಪೇಟೆಯ ಹತ್ತಿರ ಹೆಣ್ಣುಮಕ್ಕಳ ವಸತಿ ಜೂನಿಯರ್ ಕಾಲೇಜೊಂದು ಇದೆಯಂತೆ. ಅಲ್ಲಿಂದ ಆಕೆಗೆ ಕರೆ ಬಂದಿದೆ: ಒಂದು ಮಾದರಿ ಪಾಠ ಮಾಡಿ ತೋರಿಸಬೇಕು, ಒಪ್ಪಿಗೆಯಾದರೆ ಸಿವಿಕ್ಸ್ ಲೆಕ್ಚರರ್. ಆದರೆ ಅಲ್ಲೇ ಉಳಿಯಬೇಕು, ಶನಿವಾರ ಸಂಜೆ ಹೈದರಾಬಾದಿಗೆ ಬಂದು ಹೋಗಬಹುದು. ಎಂ.ಎ. ಮಾಡಿಕೊಂಡು ಮದುವೆಯಾಗಿ ಬಂದವಳು. ಬಂದ ಮೇಲೆ ಸೂಗಮ್ಮನ ಡಯಾಲಿಸಿಸ್ಸು, ಆಸ್ಪತ್ರೆ, ಮೈ ತೊಳೆಯುವುದು, ಎಲ್ಲ ಆಕೆಯದೇ.

ಊಟಕ್ಕೆ ಕೂತಾಗ ಚೇತನ ನನ್ನ ಕಡೆ ತಿರುಗಿ, "ಅಪ್ಪಾ, ಹೇಳು ನಿನ್ನ ಸೊಸಿಗೆ. ಈ ಮನ್ಯಾಗ ಒಬ್ಬ ಮುದುಕ ಅದಾನ, ಅವಗ ಹೊತ್ತಿಗೆ ರೊಟ್ಟಿ ಬೇಕು, ಗುಳಿಗಿ ಬೇಕು ಅಂತ" ಎಂದ. ರಶ್ಮಿ ನಮ್ಮಿಬ್ಬರ ನಡುವೆಯೇ ನಿಂತು ಪಲ್ಯ ಬಡಿಸುತ್ತಿದ್ದಳು. ಅವಳೂ ನನಗೇ ಹೇಳಿದಳು. "ಕೇಳಿಸಿತು ಅಂತ ಹೇಳ್ರಿ ಮಾವಾರ."

ನಾನು ನಡುವೆ ಬಾಯಿ ಹಾಕಲಿಲ್ಲ. "ನಾನು ನ್ಯೂಟ್ರಲ್ ಇದ್ದೀನಿ" ಎಂದೆ. ಪಲ್ಯಕ್ಕೆ ಉಪ್ಪು ಸಾಲದಾಗಿತ್ತು, ಅದನ್ನೂ ಹೇಳಲಿಲ್ಲ.

ಏಪ್ರಿಲ್ ೧೨, ಶುಕ್ರವಾರ

ಮಾದರಿ ಪಾಠದ ವಿಷಯ ತಿಳಿಸಿದ್ದಾರೆ. ನಾನ್-ಅಲೈನ್‌ಮೆಂಟು, ಅದರ ಅರ್ಥ ಮತ್ತು ಬಳಕೆ. ರಶ್ಮಿ ಬಂದು, "ಮಾವಾರ, ನೀವೂ ಇದ ಓದಿದವರಲ್ಲ. ಕನ್ನಡದಾಗ ಏನಂತಾರಿದಕ್ಕ?" ಎಂದು ಕೇಳಿದಳು. ಆಕೆ ಸಿಕಂದರಾಬಾದಿನಲ್ಲಿ ಬೆಳೆದ ಹುಡುಗಿ, ಶಾಲೆಯೆಲ್ಲ ತೆಲುಗು. ಅವರ ಪುಸ್ತಕದಲ್ಲಿ ‘ಅಲೀನ ವಿಧಾನಂ’ ಎಂದಿತ್ತಂತೆ. ಹಿಂದಿಯ ಸುದ್ದಿಯಲ್ಲಿ ‘ಗುಟ್ ನಿರಪೇಕ್ಷ’ ಅನ್ನುತ್ತಾರೆ. ನಾವು ಅಲಿಪ್ತ ನೀತಿ ಅನ್ನುತ್ತಿದ್ದೆವು ಎಂದೆ. ಒಂದರಲ್ಲಿ ಕರಗಬಾರದು, ಒಂದರಲ್ಲಿ ಗುಂಪು ಸೇರಬಾರದು, ನಮ್ಮದರಲ್ಲಿ ಮೈಗೆ ಅಂಟಿಸಿಕೊಳ್ಳಬಾರದು. ಒಂದೇ ವಸ್ತುವಿಗೆ ಸ್ಟೋರ್ಸಿನಲ್ಲಿ ಮೂರು ಚೀಟಿ ಅಂಟಿಸಿದ ಹಾಗೆ.

"ಮತ್ತ ತಟಸ್ಥ?" ಎಂದಳು.

"ಎರಡೂ ಒಂದ" ಎಂದೆ.

"ಒಂದಲ್ರಿ."

ಆಗ ವೀರಭದ್ರಪ್ಪ ಸರ್ ನೆನಪಾದರು. ರಾಯಚೂರಿನ ಬಿಸಿಲಿನಲ್ಲೂ ಕರಿ ಕೋಟು ತೆಗೆಯುತ್ತಿರಲಿಲ್ಲ. ಈ ಪಾಠ ಬಂದಾಗ ಒಂದು ವಾಕ್ಯ ಬರೆಸುತ್ತಿದ್ದರು. ಪರೀಕ್ಷೆಯಲ್ಲಿ ಅದನ್ನು ಬರೆದರೆ ಮೇಲಿಂದ ಎರಡು ಮಾರ್ಕು ಎನ್ನುತ್ತಿದ್ದರು. ‘ನಾನ್-ಅಲೈನ್‌ಮೆಂಟ್ ಡಸ್ ನಾಟ್ ಮೀನ್ ದಟ್ ವಿ ಹ್ಯಾವ್ ನೋ ಒಪಿನಿಯನ್, ಇಟ್ ಮೀನ್ಸ್ ದಟ್’... ಇಲ್ಲಿಗೆ ನಿಂತುಬಿಡುತ್ತದೆ. ರಶ್ಮಿಗೆ ಹೇಳಲು ಹೋದೆ, ಮುಂದಿನದು ಬರಲಿಲ್ಲ. ಸ್ನಾನ ಮಾಡುವಾಗಲೂ ಹೇಳಿಕೊಂಡು ನೋಡಿದೆ. ಮೀನ್ಸ್ ದಟ್, ಮೀನ್ಸ್ ದಟ್.

ಏಪ್ರಿಲ್ ೧೭, ಬುಧವಾರ

ಕೆಲಸವೊಂದು ಸಿಕ್ಕಿದೆ. ಅಡುಗೆಮನೆಯಿಂದ ಹಾಲಿಗೆ, ಹಾಲಿನಿಂದ ಅಡುಗೆಮನೆಗೆ ಮಾತು ಹೊರುವುದು.

ಬೆಳಿಗ್ಗೆ ಚೇತನ ಶೂ ಹಾಕಿಕೊಳ್ಳುತ್ತ ಹೇಳಿದ. "ಅಪ್ಪಾ, ಹೇಳಾಕಿಗೆ. ಕಲಿಸೋ ಹುಚ್ಚು ಅಷ್ಟು ಇದ್ರ ಇಲ್ಲೇ ನಾಚಾರಂನ್ಯಾಗ ಟ್ಯೂಷನ್ ಹೇಳಲಿ. ನಾಲ್ಕು ಹುಡುಗ್ರು ಬರ್ತಾವ. ಅಷ್ಟು ದೂರ ಹೋಗಿ ಹಾಸ್ಟೆಲ್ಲಿನ ನೀರು ಸಾರು ಕುಡಿಯೋದು ಯಾವ ಕರ್ಮ ಅಂತ."

ನಾನು ಒಳಗೆ ಹೋಗಿ, "ಟ್ಯೂಷನ್ನೂ ಒಂದು ದಾರಿ ಐತಿ ಅಂತಾನವ" ಎಂದೆ.

ರಶ್ಮಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಹೇಳ್ರಿ ಅವರಿಗೆ. ಮಷೀನಿನ ನಟ್ಟು ಬೋಲ್ಟು ಬಿಟ್ಟು ಬ್ಯಾರೆ ಏನೂ ತಿಳಿಯದವರ ಸಲಹಾ ನನಗ ಬೇಕಾಗಿಲ್ಲ."

ಹೊರಗೆ ಬಂದು, "ನಿನ್ನ ಕೆಲಸದ ಬಗ್ಗೆ ಆಕಿಗೆ ಅರಿವು ಐತಿ" ಎಂದೆ.

"ಹೌದಾ" ಎಂದ. ಆಮೇಲೆ ಡಬ್ಬಿ ತೆಗೆದುಕೊಂಡು ಹೋದ. ಹೋಗುವಾಗ ಅಡುಗೆಮನೆಯ ಕಡೆ ಒಮ್ಮೆ ನೋಡಿದ. ಅವನು ಇಲ್ಲೇ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ, ಔಷಧ ಕಂಪನಿಗಳ ಯಂತ್ರಕ್ಕೆ ಬಿಡಿಭಾಗ ಮಾಡುವ ಯೂನಿಟ್ಟಿನಲ್ಲಿ ಸೂಪರ್‌ವೈಸರ್.

ಸೂಗಮ್ಮ ಇದ್ದಾಗ ಈ ಮನೆಯಲ್ಲಿ ಜಗಳವೇ ಇರಲಿಲ್ಲ ಎಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಜಗಳ ಇತ್ತು, ಆಕೆ ಹೊತ್ತು ತರುವ ದಾರಿಯಲ್ಲಿ ಅದರ ಮುಳ್ಳು ತೆಗೆದುಬಿಡುತ್ತಿದ್ದಳು. ನಮ್ಮ ಕಡೆ ಇದು ಮೊದಲಿನಿಂದ ಇರುವ ಪದ್ಧತಿ. ಮುನಿಸಿಕೊಂಡ ಗಂಡ ಹೆಂಡತಿ ನೇರ ಮಾತಾಡುವುದಿಲ್ಲ, ಮನೆಯ ಹಿರಿಯರ ಮುಖ ನೋಡಿ ಮಾತಾಡುತ್ತಾರೆ.

ಯುದ್ಧದ ಕಾಲದಲ್ಲಿ ಶತ್ರುದೇಶಗಳು ರಾಯಭಾರ ಕಚೇರಿ ಮುಚ್ಚಿಕೊಂಡರೆ ನಡುವೆ ಒಂದು ತಟಸ್ಥ ದೇಶ ಕಾಗದ ತಲುಪಿಸುತ್ತದೆ ಎಂದು ಓದಿದ್ದೆ. ಸ್ವಿಟ್ಜರ್ಲೆಂಡ್ ಇರಬೇಕು. ಅವರು ಕಾಗದವನ್ನು ಒಡೆದು ತಿದ್ದುತ್ತಾರೋ ಇಲ್ಲವೋ ತಿಳಿಯದು.

ಏಪ್ರಿಲ್ ೨೧, ಭಾನುವಾರ

ಏನೂ ಇಲ್ಲ. ಫ್ಯಾನು ಕಿರ್ ಅನ್ನುತ್ತಿದೆ.

ಏಪ್ರಿಲ್ ೨೪, ಬುಧವಾರ

ಇವತ್ತು ರಶ್ಮಿ ಹಾಲಿನಲ್ಲಿ ಪಾಠ ಮಾಡಿ ನೋಡಿಕೊಂಡಳು. ವಿದ್ಯಾರ್ಥಿಗಳು ನಾನು ಮತ್ತು ಸುಂದರಾಬಾಯಿಯವರು. ಬೀರುವಿನ ಬಾಗಿಲಿಗೆ ಹಳೆಯ ಕ್ಯಾಲೆಂಡರಿನ ಹಿಂಬದಿಯನ್ನು ಅಂಟಿಸಿ ಸ್ಕೆಚ್ ಪೆನ್ನಿನಿಂದ ಬರೆದಳು. ಸುಂದರಾಬಾಯಿಯವರು ಬರುವಾಗ ಅವರೆಕಾಯಿ ತಂದಿದ್ದರು, ಪಾಠದುದ್ದಕ್ಕೂ ಸುಲಿದರು.

ತಟಸ್ಥ ಎನ್ನುವುದು ಯುದ್ಧದ ಮಾತು ಎಂದಳು. ಇಬ್ಬರು ಹೊಡೆದಾಡುವಾಗ ನಾನು ಇಬ್ಬರ ಕಡೆಗೂ ಇಲ್ಲ ಎಂದು ಸಾರುವುದು. ಅದಕ್ಕೆ ಕಾನೂನು ಇದೆ: ಯಾರಿಗೂ ಶಸ್ತ್ರ ಕೊಡಬಾರದು, ಯಾರ ಸೈನ್ಯಕ್ಕೂ ತನ್ನ ನೆಲದ ಮೇಲೆ ದಾರಿ ಬಿಡಬಾರದು. ಅಲಿಪ್ತ ಎನ್ನುವುದು ಬೇರೆ. ಯುದ್ಧ ಇಲ್ಲದಾಗಲೂ ಯಾವ ದೊಡ್ಡವರ ಗುಂಪಿಗೂ ಕಾಯಂ ಸೇರದೆ ಇರುವುದು. ಆದರೆ ಬಾಯಿ ಮುಚ್ಚಿಕೊಂಡಿರುವುದಲ್ಲ. ಒಂದೊಂದು ಪ್ರಶ್ನೆ ಬಂದಾಗಲೂ ಅದನ್ನಷ್ಟೇ ನೋಡಿ, ಇದರಲ್ಲಿ ಇವನದು ಸರಿ, ಅದರಲ್ಲಿ ಅವನದು ಸರಿ ಎಂದು ಹೇಳುವುದು. ಇವತ್ತು ಹೀಗೆ ಹೇಳಿದೆ ಎಂದು ನಾಳೆಗೂ ಅವರವನಾಗುವುದಿಲ್ಲ.

ಸುಂದರಾಬಾಯಿಯವರು ಕೈ ಎತ್ತಿದರು. "ಟೀಚರಮ್ಮಾ, ಒಂದು ಡೌಟ್ ಐತಿ. ಮೊನ್ನಿ ನೀರಿನ ಟ್ಯಾಂಕರ್ ಸಲುವಾಗಿ ಅಪಾರ್ಟ್‌ಮೆಂಟ್ ತುಂಬ ಬಡದಾಡಿದ್ರು. ಮ್ಯಾಲಿನ ಮಜಲಿನ ಒಬ್ಬಾಂವ ಬಾಗಲಾ ಹಾಕ್ಕೊಂಡು ಟಿವಿ ನೋಡಿದ. ಅಂವ ತಟಸ್ಥನೋ ಅಲಿಪ್ತನೋ?"

"ಅಂವ ಯಾವ ಮನ್ಯಾಂವ?" ಎಂದಳು ರಶ್ಮಿ.

"ಹೆಸರು ಹೇಳಿದ್ರ ಇಲ್ಲೇ ಕೂತೋರಿಗೆ ಸಿಟ್ಟು ಬರ್ತೈತಿ."

ರಶ್ಮಿ ನಕ್ಕಳು. ಸುಂದರಾಬಾಯಿಯವರು ನನ್ನ ಕಡೆ ನೋಡದೆ ಕಾಯಿ ಸುಲಿದರು. ಅವತ್ತು ನಾನು ನೋಡುತ್ತಿದ್ದದ್ದು ಟಿವಿಯಲ್ಲ, ರೇಡಿಯೋ ಹಾಕಿದ್ದೆ.

ಆಮೇಲೆ ಆಕೆ ಕ್ಯಾಲೆಂಡರಿಗೆ ಮುಖ ಮಾಡಿಕೊಂಡೇ ಕೊನೆಯ ಮಾತು ಹೇಳಿದಳು. ದೊಡ್ಡದು ಸಣ್ಣದನ್ನು ಒತ್ತುವಾಗ ಸುಮ್ಮನೆ ಇರುವವನು ತಾನು ನಡುವೆ ಇದ್ದೇನೆ ಎಂದುಕೊಳ್ಳಬಹುದು, ಆದರೆ ಅವನ ಸುಮ್ಮನಿರುವಿಕೆಯ ಭಾರ ಒಂದೇ ತಟ್ಟೆಗೆ ಬೀಳುತ್ತದೆ. ಇದು ಪುಸ್ತಕದಲ್ಲಿದೆಯೋ, ಆಕೆಯೇ ಸೇರಿಸಿದ್ದೋ ಗೊತ್ತಿಲ್ಲ. ಪಾಠ ಚೆನ್ನಾಗಿತ್ತು. ಅವರೆಕಾಳು ಒಂದು ಬಟ್ಟಲು ನಮಗೂ ಕೊಟ್ಟರು.

ಏಪ್ರಿಲ್ ೨೯, ಸೋಮವಾರ

ರಶ್ಮಿ ಬೆಳಿಗ್ಗೆ ಇಮ್ಲಿಬನ್ ಬಸ್ ಸ್ಟ್ಯಾಂಡಿನಿಂದ ನಾರಾಯಣಪೇಟೆಯ ಬಸ್ಸು ಹಿಡಿದು ಹೋದಳು. ‘ಸುಮ್ಮ ಪಾಠ ಮಾಡಿ ಬರ್ತಾಳ, ಹೋಗಲಿ’ ಎಂದು ಚೇತನ ನನಗೆ ಹೇಳಿದ್ದ. ಆ ಮಾತನ್ನು ‘ಹೋಗಿ ಬಾ ಅಂದಾನ’ ಎಂದು ತಲುಪಿಸಿದ್ದೆ.

ಮಧ್ಯಾಹ್ನ ಮುಚ್ಚಿಟ್ಟ ರೊಟ್ಟಿ ತಿನ್ನುವುದನ್ನು ಮರೆತೆ. ಸಂಜೆ ಚೇತನ ಬಂದಾಗ ಮನೆಯಲ್ಲಿ ಕತ್ತಲೆ. ನಾನು ಸೋಫಾದ ಮೇಲೆ ಕೂತೇ ಇದ್ದೆ, ಲೈಟು ಹಾಕಬೇಕು ಎಂದು ಹೊಳೆದಿರಲಿಲ್ಲ. ಬಾಗಿಲಲ್ಲಿ ನಿಂತವನು ಒಳಗೆ ಬರಲಿಲ್ಲ ತುಸು ಹೊತ್ತು. "ಯಾರೂ ಇಲ್ಲೇನು?" ಎಂದ. ನಾನು ಇದ್ದೀನಪ್ಪ ಎಂದೆ. ಅವನು ಎಲ್ಲ ಕೋಣೆಯ ಲೈಟೂ ಹಾಕಿದ, ಬಚ್ಚಲಿನದು ಕೂಡ.

ಮೇ ೩, ಶುಕ್ರವಾರ

ಆಯ್ಕೆಯಾಗಿದೆ. ಜೂನ್ ಒಂದಕ್ಕೆ ಹಾಜರಾಗಬೇಕು. ಆ ದಿನ ಬರದಿದ್ದರೆ ಮುಂದಿನವರನ್ನು ಕರೆಯುತ್ತಾರಂತೆ. ರಶ್ಮಿ ಮೊದಲು ನನ್ನ ಕಾಲು ಮುಟ್ಟಿದಳು. ಏನಾದರೂ ಹೇಳಬೇಕಿತ್ತು. ಶತಾಯುಷಿಯಾಗು ಎಂದುಬಿಟ್ಟೆ.

ಸಂಜೆ ಚೇತನ ಹೇಳಿದ್ದು: "ಆಯ್ಕೆ ಆಗ್ಯಾಳಂದ್ರ ಛಲೋ ಆತು, ಶ್ಯಾಣ್ಯಾಕಿ ಅಂತ ಗೊತ್ತಾತು. ಸಾಕು. ಇನ್ನ ಮನ್ಯಾಗಿರಲಿ. ಜೂನಿಗೆ ಹೋಗ್ತೀನಿ ಅಂದ್ರ ನಾ ಒಪ್ಪಾಂವಲ್ಲ, ಹೇಳು."

ನಾನು ತಲುಪಿಸಿದ್ದು: "ಶ್ಯಾಣ್ಯಾಕಿ ಅಂದ. ಛಲೋ ಆತು ಅಂದ."

ರಶ್ಮಿ ಹೇಳಿದ್ದು: "ಅವರು ಒಪ್ಪಿದ್ರೂ ಅಷ್ಟ, ಬಿಟ್ರೂ ಅಷ್ಟ. ನಾ ಹೋಗಾಕೀನ. ಅತ್ತಿಯವರಿಗೆ ಮಾಡಿದ್ದು ನನಗ ಎಂದೂ ಭಾರ ಅನಿಸಿಲ್ರಿ ಮಾವಾರ. ಆದ್ರ ಅದ ನನ್ನ ನೌಕರಿ ಅಂತ ಎಲ್ಲಾರೂ ತಿಳಕೊಂಡುಬಿಟ್ರು, ನನ್ನ ಕೇಳಲೇ ಇಲ್ಲ."

ನಾನು ತಲುಪಿಸಿದ್ದು: "ನಿನ್ನ ಒಪ್ಪಿಗಿ ವಿಷಯ ತೆಗದ್ಲು. ಅವ್ವನ ನೆನಪು ಮಾಡಕೊಂಡ್ಲು."

ಚೇತನನ ಮುಖ ಸಡಿಲವಾಯಿತು. "ನನಗ ಗೊತ್ತಿತ್ತು, ತಿಳಿವಳಕಿ ಇದ್ದಾಕಿ" ಎಂದ. ಅಡುಗೆಮನೆಯಲ್ಲಿ ರಶ್ಮಿ ಏನೋ ಗುನುಗುತ್ತಿದ್ದಳು. ಬಹಳ ದಿನಗಳ ಮೇಲೆ ಮನೆ ಸಮಾಧಾನವಾಗಿತ್ತು. ಸೂಗಮ್ಮನ ಕೆಲಸ ಅಷ್ಟೇನೂ ಕಷ್ಟದ್ದಲ್ಲ ಎನ್ನಿಸಿತು.

ಮೇ ೧೦, ಶುಕ್ರವಾರ

ಬಸವ ಜಯಂತಿ. ಎಲ್ಲಿಗೂ ಹೋಗಲಿಲ್ಲ.

ಸಂಜೆ ಕೆಳಗೆ ಲಿಫ್ಟಿನ ಹತ್ತಿರ ಗದ್ದಲವೆಂದು ಬಾಲ್ಕನಿಯಿಂದ ಬಗ್ಗಿ ನೋಡಿದೆ. ರಶ್ಮಿ ಆಟೋದಿಂದ ಒಂದು ತಗಡಿನ ಟ್ರಂಕು ಇಳಿಸಿಕೊಂಡು ನಿಂತಿದ್ದಳು, ಅದರ ಮೇಲೆ ನೀಲಿ ಬಕೆಟ್ಟು. ಅದೇ ಹೊತ್ತಿಗೆ ಚೇತನ ಕೋಠಿ ಬಜಾರಿನಿಂದ ಒಂದು ದೊಡ್ಡ ಹಸಿರು ಬೋರ್ಡು ತಂದಿದ್ದ, ಟ್ಯೂಷನ್ನಿಗೆ. ಲಿಫ್ಟಿನಲ್ಲಿ ಅದು ಹಿಡಿಯುತ್ತಿರಲಿಲ್ಲ. ಇಬ್ಬರೂ ಒಬ್ಬರ ಸಾಮಾನು ಒಬ್ಬರು ನೋಡುತ್ತ ನಿಂತಿದ್ದರು. ನಾನು ಒಳಗೆ ಬಂದು ಕೂತೆ.

ಮೇಲೆ ಬಂದರು. ಒಂದು ತಿಂಗಳ ಮೇಲೆ ಇವತ್ತು ನೇರವಾಗಿ ಮಾತಾಡಿದರು.

"ಟ್ಯೂಷನ್ ಹೇಳ್ತೀನಿ ಅಂತ ಯಾರಿಗೆ ಹೇಳೀನಿ ನಾ?"

"ನೀ ಒಪ್ಪೀ ಅಂತ ಅಪ್ಪ ಹೇಳಿದ."

"ನೀವು ಒಪ್ಪೀರಿ ಅಂತ ಮಾವಾರು ಹೇಳ್ಯಾರ."

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಹಾಗೆ ಹೇಳಿರಲಿಲ್ಲ. ಹಾಗಲ್ಲ ಎಂದೂ ಹೇಳಿರಲಿಲ್ಲ. ಎದ್ದು ಫ್ಯಾನಿನ ವೇಗ ಒಂದು ಹೆಚ್ಚು ಮಾಡಿದೆ.

"ಅಪ್ಪಾ, ಈಗರ ಹೇಳು" ಎಂದ ಚೇತನ. "ಈಕಿ ಹೋದ್ರ ನಿನಗ ನಡೀತದೇನು?"

"ನಂದೇನೈತಪ್ಪ. ನಾ ನ್ಯೂಟ್ರಲ್" ಎಂದೆ.

ರಶ್ಮಿ ಟ್ರಂಕಿನ ಮೇಲೆ ಕೂತಳು. ಆಕೆ ಕೂಗಾಡಲಿಲ್ಲ. ಪಾಠ ಮಾಡುವಾಗಿನ ದನಿಯಲ್ಲೇ ಹೇಳಿದಳು. "ನೀವು ನ್ಯೂಟ್ರಲ್ ಹೆಂಗ ಆಗ್ತೀರಿ ಮಾವಾರ? ಜಗಳ ನಡದಿರೋದೇ ನಿಮ್ಮ ಹೆಸರಿನ ಮ್ಯಾಲ. ನಿಮ್ಮ ರೊಟ್ಟಿ, ನಿಮ್ಮ ಗುಳಿಗಿ ಅಂತ ಅವರು ದಿನಾ ನಿಮ್ಮನ್ನ ಎತ್ತಿ ನನ್ನ ಮುಂದ ಇಡ್ತಾರ. ನೀವು ಒಮ್ಮೆ, ನನ್ನ ಹೆಸರು ಬ್ಯಾಡ ಅನ್ನಬೇಕಿತ್ತು. ಇಲ್ಲಂದ್ರ, ಹೌದವ್ವಾ, ನೀ ಹೋಗಬ್ಯಾಡ, ನನಗ ನೀ ಬೇಕು ಅನ್ನಬೇಕಿತ್ತು. ಎರಡರಾಗ ಒಂದು ಅಂದಿದ್ರ ನಾ ತಿಳಕೋತಿದ್ದೆ."

ಏನು ಉತ್ತರ ಕೊಡಬೇಕೋ ಹೊಳೆಯಲಿಲ್ಲ. ಇಂಗ್ಲಿಷಿನಲ್ಲೂ ಹೊಳೆಯಲಿಲ್ಲ. ನಿಲ್ ಸ್ಟಾಕ್. ಬೋರ್ಡನ್ನು ಬಾಗಿಲ ಹಿಂದೆ ಒರಗಿಸಿದ್ದಾರೆ. ಟ್ರಂಕು ಹಾಲಿನ ನಡುವೆಯೇ ಇದೆ, ಸುತ್ತಿ ಹೋಗಬೇಕು.

ಮೇ ೧೩, ಸೋಮವಾರ

ಮತದಾನ. ಮೂವರೂ ಬೇರೆ ಬೇರೆ ಹೊತ್ತಿಗೆ ಹೋಗಿ ಬಂದೆವು. ಸುಂದರಾಬಾಯಿಯವರು ಮೆಟ್ಟಿಲಲ್ಲಿ ಸಿಕ್ಕು, "ಯಾರಿಗೆ ಒತ್ತಿದ್ರಿ?" ಎಂದರು. ಎಲ್ಲಕ್ಕಿಂತ ಕೆಳಗಿನ ಗುಂಡಿ, ಯಾರೂ ಬೇಡ ಅನ್ನುವುದು, ಅದನ್ನು ಒತ್ತಿದೆ ಎಂದೆ.

"ಇಷ್ಟು ಬಿಸಲಾಗ ಅಲ್ಲಿ ತನಕ ನಡದು ಹೋಗಿ, ಯಾರೂ ಬ್ಯಾಡ ಅಂತ ಹೇಳಿ ಬಂದ್ರ್ಯಾ" ಎಂದರು. "ಮನ್ಯಾಗ ಕೂತು ಹೇಳಿದ್ರ ಕೇಳತಿರಲಿಲ್ಲೇನು."

ಮೇ ೧೯, ಭಾನುವಾರ

ಈಗ ಯಾರೂ ನನಗೆ ಮಾತು ಕೊಡುವುದಿಲ್ಲ. ಅವರಿಬ್ಬರೂ ಮಾತಾಡುತ್ತಿಲ್ಲ, ನನ್ನ ಮುಖಾಂತರವೂ ಇಲ್ಲ. ರಶ್ಮಿ ಹೊತ್ತಿಗೆ ಸರಿಯಾಗಿ ರೊಟ್ಟಿ, ಗುಳಿಗೆ ತಂದಿಡುತ್ತಾಳೆ. ಲೋಟ ಇಡುವ ಸದ್ದು ಕೂಡ ಬರುವುದಿಲ್ಲ. ಟ್ರಂಕು ಹಾಲಿನಲ್ಲೇ ಇದೆ. ಖಾಲಿಯೋ ತುಂಬಿದೆಯೋ ತಿಳಿಯದು. ನಿನ್ನೆ ಯಾರೂ ಇಲ್ಲದಾಗ ಕಾಲಿನಿಂದ ತುಸು ದೂಡಿ ನೋಡಿದೆ. ಹಗುರವಿತ್ತು.

ಸುಂದರಾಬಾಯಿಯವರ ಮನೆಗೆ ಹೋಗಿ ರೊಟ್ಟಿ ಮಾಡುವುದು ಹೇಗೆ ಎಂದು ಕೇಳಿದೆ. ಯಾಕೆ ಕೇಳಿದೆನೋ, ಸುಮ್ಮನೆ ಹೊತ್ತು ಹೋಗಬೇಕಲ್ಲ. ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ನಮ್ಮವರು ಇರೋತನಕ ನೀರು ಸುದ್ದಾ ತಾವ ತಗೊಂಡು ಕುಡೀಲಿಲ್ಲ. ಬರ್‍ರಿ ಒಳಗ, ಈ ಜನ್ಮದಾಗ ಒಬ್ಬರಿಗರ ಕಲಿಸಿದಂಗ ಆಗಲಿ" ಎಂದರು.

ಜೋಳದ ಹಿಟ್ಟು ಹೊಸದಿರಬೇಕು, ಹಳೆಯದಕ್ಕೆ ಜಿಗಿ ಇರುವುದಿಲ್ಲ. ನೀರು ಕುದಿಯಬೇಕು. ಕುದಿಯುವ ನೀರು ಹೊಯ್ದು ನಾದಬೇಕು, ಕೈ ಸುಡುತ್ತದೆ, ಸುಟ್ಟರೂ ಬಿಡಬಾರದು. ಬಡಿಯುವಾಗ ಬೆರಳಿನಿಂದಲ್ಲ, ಅಂಗೈಯಿಂದ. ಬಡಿಯುತ್ತ ತಿರುಗಿಸುತ್ತ ಹೋಗಬೇಕು. ಹಂಚಿಗೆ ಹಾಕಿದ ಮೇಲೆ ಒದ್ದೆ ಅರಿವೆಯಿಂದ ಮೇಲೆ ಸವರಬೇಕು. ನನ್ನ ಮೊದಲನೆಯದು ಕರ್ನಾಟಕದ ನಕಾಶೆಯ ಹಾಗಾಯಿತು, ಎತ್ತುವಾಗ ಬೀದರಿನ ತುದಿ ಹರಿದು ಒಲೆಗೆ ಬಿತ್ತು.

"ನೀವು ಭಾಳ ಹೆದರಿ ಮುಟ್ತೀರಿ" ಎಂದರು ಸುಂದರಾಬಾಯಿಯವರು. "ಅದಕ್ಕ ಗೊತ್ತಾಗ್ತೈತಿ."

ಮೇ ೨೨, ಬುಧವಾರ

ಮತ್ತೆ ಹೋದೆ. ಎರಡು ಹರಿದವು, ಒಂದು ಪೂರ್ತಿ ಬಂತು. ಹೆಬ್ಬೆರಳಿಗೆ ಬೊಬ್ಬೆ.

ಮೇ ೨೬, ಭಾನುವಾರ

ಫ್ಯಾನಿಗೆ ಎಣ್ಣೆ ಬಿಡಿಸಿದೆ, ಈಗ ಸದ್ದಿಲ್ಲ. ಗಿರಣಿಯಿಂದ ಹಿಟ್ಟು ಬೀಸಿಸಿಕೊಂಡು ಬಂದೆ. ಬಾಗಿಲ ಹಿಂದಿನ ಹಸಿರು ಬೋರ್ಡಿನ ಮೇಲೆ, ಸೀಮೆಸುಣ್ಣ ಅಲ್ಲೇ ಇತ್ತೆಂದು, ವೀರಭದ್ರಪ್ಪ ಸರ್ ವಾಕ್ಯ ಬರೆದು ನೋಡಿದೆ. ಬರೆದರೆ ನೆನಪಾಗಬಹುದು ಎಂದು. ‘ಇಟ್ ಮೀನ್ಸ್ ದಟ್’ ತನಕ ಬರೆದು ಬಿಟ್ಟೆ.

ರಶ್ಮಿ ತವರಿಗೆ ಹೋಗಿದ್ದಳು. ಮಧ್ಯಾಹ್ನ ಚೇತನನಿಗೂ ನನಗೂ ನಾನೇ ರೊಟ್ಟಿ ಮಾಡಿದೆ, ಬದನೆಕಾಯಿ ಪಲ್ಯ ಆಕೆ ಮಾಡಿಟ್ಟು ಹೋಗಿದ್ದು. ಅವನು ಒಂದು ತಿಂದು ಇನ್ನೊಂದು ಮುರಿಯುವಾಗ, "ಇದ್ಯಾರು ಮಾಡ್ಯಾರ, ಸುಂದರಾಬಾಯಿ ಕಾಕುನೇನು? ದಪ್ಪ ಅದಾವ" ಎಂದ.

"ನಾನ" ಎಂದೆ.

ಅವನು ನನ್ನ ಕೈ ನೋಡಿದ. ಎರಡನೆಯದನ್ನೂ ತಿಂದ. ಕೈ ತೊಳೆಯಲು ಎದ್ದವನು ಬೋರ್ಡು ನೋಡಿ ಓದಿದ. "ಮುಂದ ಏನಪಾ ಇದು?"

"ಮರತೈತಿ" ಎಂದೆ. ಆಮೇಲೆ, "ಚೇತನ, ಈ ವಿಷಯದಾಗ ಆಕಿದು ಖರೇ ಐತಿ. ಹೋಗಲಿ ಆಕಿ" ಎಂದೆ.

ಅವನು ಒದ್ದೆ ಕೈಯಲ್ಲೇ ನಿಂತ. "ಅಂದ್ರ ನೀ ಆಕಿ ಕಡೆ."

"ಇದರಾಗ ಅಷ್ಟ. ಮೊನ್ನಿ ನಿನ್ನ ಅಂಗಿ ಬಣ್ಣದ ಅರಿವ್ಯಾಗ ಹಾಕಿ ಕೆಡಸಿದ್ಲು, ಅದರಾಗ ನಿಂದು ಖರೇ. ಆ ಬೋರ್ಡು ನೀ ಪ್ರೀತಿಲೆ ತಂದಿ, ಅದಕ್ಕ ಆಕಿ ಹಂಗ ಮಾತಾಡಬಾರದಿತ್ತು. ಇದರಾಗ ಮಾತ್ರ ನಿಂದು ತಪ್ಪು. ನನ್ನ ಹೆಸರು ಹಿಡದು ಆಕಿನ್ನ ನಿಲ್ಲಸಬ್ಯಾಡ. ನನಗ ಆಕಿ ರೊಟ್ಟಿ ಬೇಕು, ಸುಳ್ಳು ಹೇಳಂಗಿಲ್ಲ. ಆದ್ರ ಅದು ಕಾರಣ ಅಲ್ಲ."

"ಅವ್ವ ಇದ್ದಿದ್ರ..." ಎಂದ.

"ಅವ್ವ ಇದ್ದಿದ್ರ ನಿನಗೊಂದು ಹೇಳ್ತಿದ್ಲು, ಆಕಿಗೊಂದು ಹೇಳ್ತಿದ್ಲು, ಕಡೀಗೆ ತನ್ನ ಮನಸಿನಂಗ ಮಾಡಸ್ತಿದ್ಲು. ನನಗದು ಬರಂಗಿಲ್ಲ. ನೋಡಿದಿಯಲ್ಲ."

ಅವನು ಟ್ರಂಕಿನ ಮೇಲೆ ಕೂತ. ಟವೆಲ್ಲಿನಿಂದ ಒರೆಸಿದ ಕೈಯನ್ನೇ ಮತ್ತೆ ಒರೆಸಿದ. "ಡ್ಯೂಟಿ ಮುಗಿಸಿ ಬಂದ್ರ ಮನ್ಯಾಗ ದೀಪ ಇರಬೇಕಪಾ" ಎಂದ. "ಅವ್ವ ಹೋದ ದಿನ ಆಸ್ಪತ್ರಿಯಿಂದ ಅರಿವಿ ತರಾಕ ಅಂತ ಬಂದಿದ್ನೆಲ್ಲ. ಬಾಗಲಾ ತಗದ್ರ ಕತ್ತಲ. ಆವತ್ತಿನಿಂದ ಕೀಲಿ ಕೈಯಾಗ ಹಿಡಕೊಂಡು ಬಾಗಲದಾಗ ನಿಂತಬಿಡ್ತೀನಿ. ಆಕಿ ಒಳಗ ಇದ್ದಾಳ ಅಂದ್ರ ಕೀಲಿ ತಗ್ಯೋದಿರಂಗಿಲ್ಲ, ಬೆಲ್ ಹೊಡದ್ರಾತು."

ನಾನು, "ಬೆಲ್ ಹೊಡಿ. ನಾ ಇರ್ತೀನಿ, ದೀಪ ಹಚ್ಚಿರ್ತೀನಿ" ಎಂದೆ.

"ನಿನಗ ನೆನಪಿರಂಗಿಲ್ಲ. ಆವತ್ತ ಕತ್ತಲದಾಗ ಕೂತಿದ್ದಿ."

"ಇಡ್ತೀನಿ" ಎಂದೆ.

ಹಂಚು ತೊಳೆಯುವುದು ಉಳಿದಿತ್ತು, ಎದ್ದು ತೊಳೆದೆ. ಜೋಳ ದುಬಾರಿಯಾಗಿದೆ ಎಂದು ಗಿರಣಿಯವನು ಹೇಳುತ್ತಿದ್ದ. ಬಿಳಿ ಜೋಳ ರಾಯಚೂರಿನಿಂದ ತರಿಸಿದರೆ ಒಳ್ಳೆಯದಂತೆ.

ಜೂನ್ ೧, ಶನಿವಾರ

ಬೆಳಿಗ್ಗೆ ಮೂವರೂ ಇಮ್ಲಿಬನ್ನಿಗೆ ಹೋದೆವು. ಚೇತನ ಟ್ರಂಕು ಎತ್ತಿಕೊಂಡಿದ್ದ, ನಾನು ಬಕೆಟ್ಟು. ಅವರಿಬ್ಬರು ಇನ್ನೂ ಪೂರ್ತಿ ಮಾತಾಡುತ್ತಿಲ್ಲ. ಬಸ್ಸಿನ ಮೇಲೆ ಟ್ರಂಕು ಇಟ್ಟು ಹಗ್ಗ ಬಿಗಿದವನು ಕೆಳಗೆ ಇಳಿದು ನನಗೆ, "ಕಿಟಕಿ ಕಡೆ ಕೂಡಬ್ಯಾಡ ಅಂತ ಹೇಳು, ಬಿಸಲು ಹೊಡೀತದ" ಎಂದ. ಆಕೆ ಕಿಟಕಿಯಲ್ಲೇ ಇದ್ದಳು, ಕೇಳಿಸಿತ್ತು. ನಾನು ಬಸ್ಸಿನ ಬೋರ್ಡು ಓದುತ್ತ ನಿಂತೆ.

ಬಸ್ಸು ಬಿಡುವಾಗ ರಶ್ಮಿ, "ಮಾವಾರ, ಸರ್ ವಾಕ್ಯ ನೆನಪಾತೇನ್ರಿ?" ಎಂದಳು. ಇಲ್ಲ ಎಂದೆ. "ಇರಲಿ ಬಿಡ್ರಿ, ಅಷ್ಟ ಹಿಡಕೊಂಡು ಕಲಸ್ತೀನಿ" ಎಂದಳು.

ಮನೆಯಲ್ಲಿ ಹಾಲಿನ ನಡುವೆ ಟ್ರಂಕಿನ ಜಾಗ ಖಾಲಿ. ಅಭ್ಯಾಸದಿಂದ ಸುತ್ತಿಕೊಂಡೇ ಹೋದೆ.

ಜೂನ್ ೪, ಮಂಗಳವಾರ

ಟಿವಿಯಲ್ಲಿ ಇಡೀ ದಿನ ಮತ ಎಣಿಕೆ. ಕೆಳಗಿನ ಗುಂಡಿಗೆ ಎಷ್ಟು ಬಿದ್ದವೆಂದು ತೋರಿಸುತ್ತಾರೋ ಎಂದು ನೋಡಿದೆ, ತೋರಿಸಲಿಲ್ಲ. ಆಮೇಲೆ ಆರಿಸಿದೆ.

ಹೊತ್ತು ಇಳಿಯುವ ಮೊದಲೇ ಹಾಲಿನ ಲೈಟು ಹಾಕಿದೆ. ಇನ್ನೂ ಬೆಳಕಿತ್ತು. ಸುಂದರಾಬಾಯಿಯವರು ಕೆಳಗಿನಿಂದ, "ಕರೆಂಟ್ ಬಿಲ್ಲು ಯಾರು ಕಟ್ತಾರ?" ಎಂದು ಕೂಗಿದರು. ಬಾಲ್ಕನಿಯದೂ ಹಾಕಿದೆ.

ಬೆಲ್ಲು ಆಯಿತು. ಚೇತನ ಒಳಗೆ ಬಂದು ಶೂ ಬಿಚ್ಚಿ, ಕೈಕಾಲು ತೊಳೆದು, ನಾನು ರೊಟ್ಟಿ ಬಡಿಯುತ್ತಿದ್ದಲ್ಲಿಗೆ ಬಂದು ನಿಂತ. "ಅಪ್ಪಾ, ಹೇಳು ನಿನ್ನ ಸೊಸಿಗೆ. ಚಾರ್ಜರ್ ಇಲ್ಲೇ ಮರತು ಹೋಗ್ಯಾಳ. ಅಲ್ಲಿ ಎರವಲು ತಗೊಂಡು ನಡಸಾಕತ್ತಿರಬೇಕು. ಶನಿವಾರ ನಾ ತರಲೇನು, ಆಕಿ ಬರ್ತಾಳೇನು, ಕೇಳು."

ನನ್ನ ಕೈಯಲ್ಲಿ ಹಿಟ್ಟಿತ್ತು. "ನೀನ ಕೇಳು" ಎಂದೆ.

ಅವನು ಫೋನು ತೆಗೆದುಕೊಂಡು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡ. ಗಾಜಿನಾಚೆ ಅವನ ಬೆನ್ನು ಕಾಣುತ್ತಿತ್ತು. ಮಾತು ಚಾರ್ಜರಿಗಿಂತ ಉದ್ದ ಹೋಯಿತು. ಏನು ಹೇಳಿದನೋ, ಆಕೆ ಏನು ಹೇಳಿದಳೋ ಕೇಳಿಸಲಿಲ್ಲ.

ಹಂಚು ಕಾದಿತ್ತು. ರೊಟ್ಟಿ ಹರಿಯದೆ ಬಂತು. ಒದ್ದೆ ಅರಿವೆಯಿಂದ ಸವರಿ, ಅವನು ಒಳಗೆ ಬರಲೆಂದು ಕಾಯದೆ, ತಿರುವಿ ಹಾಕಿದೆ.